ಬಟನ್ ಸ್ಟಾರ್ಟ್ ಕಾರು ಕೀಯನ್ನು ಗುರುತಿಸದಿದ್ದಾಗ: ವಿದ್ಯುತ್ ದೋಷವನ್ನು ಹುಡುಕುವ ಕ್ರಮ

ಕೀ ಜೇಬಿನಲ್ಲಿದೆ, ಬ್ರೇಕ್ ತುಳಿದು ಬಟನ್ ಒತ್ತಿದ್ದೂ ಆಗಿದೆ, ಆದರೆ ಮೀಟರ್ ಫಲಕದಲ್ಲಿ ಕೀ ಕಾಣುತ್ತಿಲ್ಲವೆಂಬ ಸೂಚನೆ ಬರುತ್ತದೆ. ಇಲ್ಲವೇ ಸೆಲ್ಫ್ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇಂಥ ಕಾರನ್ನು ವರ್ಕ್‌ಶಾಪಿಗೆ ಎಳೆದು ತಂದವರು ಬಹುಮಟ್ಟಿಗೆ ‘ಇಮೊಬಿಲೈಸರ್ ಹೋಗಿದೆಯಂತೆ’ ಎಂಬ ತೀರ್ಪನ್ನೂ ಜೊತೆಗೇ ತಂದಿರುತ್ತಾರೆ. ನಾನು ಕಂಡಂತೆ ಇಮೊಬಿಲೈಸರ್ ಮಾಡ್ಯೂಲ್, ಅಂದರೆ ಕೀಯ ಗುರುತು ತಾಳೆಯಾಗದೆ ಎಂಜಿನ್ ಓಡಲು ಬಿಡದ ಎಲೆಕ್ಟ್ರಾನಿಕ್ ಪೆಟ್ಟಿಗೆ, ನಿಜವಾಗಿ ಕೆಟ್ಟಿರುವುದು ಅಪರೂಪ. ಅದಕ್ಕೆ ಸಿಗಬೇಕಾದ ವೋಲ್ಟೇಜ್, ಅರ್ಥ್ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಅಥವಾ ಸಂಕೇತ ಸಿಗದೆ ಹೋದಾಗ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ, ಅಂದರೆ ಗುರುತು ಸಿಗದ ಕೀಯೆಂದು ತಿಳಿದು, ಕಾರನ್ನು ತಡೆದಿರುತ್ತದೆ. ಹೀಗಾಗಿ ಮಾಡ್ಯೂಲಿನ ಬೆಲೆ ವಿಚಾರಿಸುವುದಕ್ಕೆ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಕರೆಂಟ್ ಬರುವ ದಾರಿಯನ್ನು ನೋಡಿಕೊಂಡು ಬರುವುದು ಒಳ್ಳೆಯದು.

ಒಳಗೆ ನಡೆಯುವುದೇನು

ದೋಷ ಹುಡುಕಲು ಸರ್ಕ್ಯೂಟ್ ಪೂರ್ತಿ ತಿಳಿದಿರಬೇಕಾಗಿಲ್ಲವಾದರೂ, ಕಾರು ಮತ್ತು ಕೀ ನಡುವೆ ನಡೆಯುವ ಮಾತುಕತೆಗೆ ಎರಡು ದಾರಿಗಳಿವೆ ಎಂಬುದು ತಿಳಿದಿರಬೇಕು. ಬಾಗಿಲ ಹಿಡಿಯನ್ನು ಮುಟ್ಟಿದಾಗ ಅಥವಾ ಬಟನ್ ಒತ್ತಿದಾಗ ಕಾರಿನ ಆಂಟೆನಾಗಳು ಬಹುತೇಕ ಕಾರುಗಳಲ್ಲಿ 125 ಕಿಲೋಹರ್ಟ್ಸ್ ಆವರ್ತನದ ಅಲೆಯೊಂದನ್ನು ಹೊರಡಿಸುತ್ತವೆ. ಇದು ಹತ್ತಿರಕ್ಕಷ್ಟೇ ತಲುಪುವ ಅಲೆ. ಸುಮಾರು ಒಂದು ಮೀಟರ್ ದಾಟಿದರೆ ಅದರ ಬಲ ಬೇಗನೆ ಕುಗ್ಗುತ್ತದೆ. ನಿದ್ರೆಯಲ್ಲಿರುವ ಕೀ ಆ ಅಲೆಯಿಂದ ಎಚ್ಚೆತ್ತು, ತನ್ನ ಸೆಲ್‌ನ ಶಕ್ತಿಯಿಂದ, ಭಾರತದ ಕಾರುಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಸ್ಟೀರಿಂಗ್ ಲಾಕ್ ಬಿಡುತ್ತದೆ, ಇಗ್ನಿಷನ್ ರಿಲೇ ಎಳೆದುಕೊಳ್ಳುತ್ತದೆ, ಎಂಜಿನ್ ಇಸಿಯು (ಎಂಜಿನ್ನನ್ನು ನಡೆಸುವ ಕಂಪ್ಯೂಟರ್) ಮತ್ತು ಇಮೊಬಿಲೈಸರ್ ಪರಸ್ಪರ ಗುಪ್ತಸಂಕೇತವನ್ನು ಕೇಳಿ ಹೇಳಿ ತಾಳೆ ನೋಡಿಕೊಳ್ಳುತ್ತವೆ, ಆನಂತರವೇ ಇಂಧನ ಸಿಂಪಡಿಸಲು ಅನುಮತಿ ಸಿಗುತ್ತದೆ.

ಇದು ಮೊದಲನೆಯ ದಾರಿ. ಎರಡನೆಯದು, ಕೀಯಲ್ಲಿ ಸೆಲ್ ಸತ್ತುಹೋದಾಗ ಬಳಸುವ ದಾರಿ. ಕೀಯೊಳಗಿನ ಟ್ರಾನ್ಸ್‌ಪಾಂಡರ್ ಚಿಪ್‌ಗೆ ಸ್ವಂತ ಸೆಲ್ ಬೇಕಿಲ್ಲ. ಸ್ಟಾರ್ಟ್ ಬಟನ್ನಿನ ಸುತ್ತ ಅಥವಾ ಕಂಪನಿ ಗುರುತಿಸಿದ ಇನ್ನೊಂದು ಜಾಗದಲ್ಲಿರುವ ಕಾಯಿಲ್ ಹುಟ್ಟಿಸುವ ಕಾಂತಕ್ಷೇತ್ರದಿಂದಲೇ ಅದು ಶಕ್ತಿ ಪಡೆದು ತನ್ನ ಗುರುತನ್ನು ಹೇಳಬಲ್ಲದು. ಕೀಯನ್ನು ಬಟನ್ನಿಗೆ ತಾಗಿಸಿ ಹಿಡಿದಾಗ ಕಾರು ಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ. ಮುಂದಿನ ಪರೀಕ್ಷೆಗಳಲ್ಲಿ ಅರ್ಧದಷ್ಟು ಕೆಲಸವನ್ನು ಈ ಒಂದು ಸಂಗತಿ ಉಳಿಸಿಕೊಡುತ್ತದೆ.

ಮೊದಲ ಐದು ನಿಮಿಷ

ಕಾರು ಏನು ಮಾಡುತ್ತಿದೆ ಎಂಬುದನ್ನು ನಿಧಾನವಾಗಿ ನೋಡಿ. ಬಟನ್ ಒತ್ತಿದಾಗ ಒಂದು ದೀಪವೂ ಹೊತ್ತದಿದ್ದರೆ ನಿಮ್ಮ ಸಂಶಯ ಕಾರಿನ ಬ್ಯಾಟರಿ, ಫ್ಯೂಸ್ ಮತ್ತು ಕೀಯ ಮೇಲೆ ಹೋಗಬೇಕು. ದೀಪಗಳೆಲ್ಲ ಹೊತ್ತಿ ಸೆಲ್ಫ್ ಮಾತ್ರ ತಿರುಗದಿದ್ದರೆ ಬ್ರೇಕ್ ಸ್ವಿಚ್, ಕ್ಲಚ್ ಸ್ವಿಚ್, ಗೇರ್ ಸ್ಥಾನ, ಸ್ಟೀರಿಂಗ್ ಲಾಕ್ ಮತ್ತು ಸ್ಟಾರ್ಟರ್ ರಿಲೇಯ ಕಡೆ ನೋಡಬೇಕು. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ, ಅಥವಾ ಹಿಡಿದು ಒಂದೆರಡು ಸೆಕೆಂಡಿನಲ್ಲೇ ಆರಿಹೋದರೆ, ಆಗ ಇಮೊಬಿಲೈಸರ್ ಮೇಲೆ ಸಂಶಯ ಪಡುವುದಕ್ಕೆ ಅರ್ಥವಿದೆ.

ಆಗಲೂ ಕೀ ಅಥವಾ ಬೀಗದ ಚಿತ್ರವಿರುವ ಸೆಕ್ಯುರಿಟಿ ದೀಪವನ್ನು ಗಮನಿಸಬೇಕು. ನಿಂತ ಕಾರಿನಲ್ಲಿ ಅದು ನಿಧಾನವಾಗಿ ಮಿಣುಕುತ್ತಿರುವುದು ಸಹಜ. ಇಗ್ನಿಷನ್ ಹಾಕಿದಾಗ ಕೆಲವು ಸೆಕೆಂಡ್ ಹೊತ್ತಿ ಆರುವುದೂ ಸಹಜ. ಇಗ್ನಿಷನ್ ಆನ್ ಇದ್ದಾಗಲೂ ಅದು ಬೇಗಬೇಗನೆ ಮಿಣುಕುತ್ತಿದ್ದರೆ ಅಥವಾ ಆರದೆ ಉಳಿದರೆ ಕೀಯ ಗುರುತು ತಾಳೆಯಾಗಿಲ್ಲವೆಂದು ತಿಳಿಯಬಹುದು. ದೀಪ ಸರಿಯಾಗಿ ಆರಿದ್ದು, ಸೆಲ್ಫ್ ತಿರುಗುವಾಗ ಆರ್‌ಪಿಎಂ ಮುಳ್ಳು ಒಂದಿಷ್ಟೂ ಅಲುಗದಿದ್ದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕಡೆ ನೋಡುವುದು ಮೇಲು. ಕಾರಿನಿಂದ ಕಾರಿಗೆ ಈ ದೀಪದ ವರ್ತನೆಯಲ್ಲಿ ವ್ಯತ್ಯಾಸವಿರುವುದರಿಂದ ಮಾಲೀಕರ ಕೈಪಿಡಿಯ ಆ ಪುಟವನ್ನೊಮ್ಮೆ ಓದಿಕೊಳ್ಳಿ.

ಕೀಯಿಂದ ಆರಂಭಿಸಿ, ಆದರೆ ಅಲ್ಲೇ ನಿಲ್ಲಬೇಡಿ

ಈ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಪರೀಕ್ಷಾ ಸಾಧನ ಮನೆಯ ಬೀರುವಿನಲ್ಲಿ ಬಿದ್ದಿರುವ ಎರಡನೆಯ ಕೀ. ಅದನ್ನು ತಂದು ಪರೀಕ್ಷಿಸಿ. ಆ ಹೊತ್ತಿನಲ್ಲಿ ಮೊದಲನೆಯ ಕೀ ಕಾರಿನಿಂದ ದೂರವಿರಲಿ. ಎರಡನೆಯದರಲ್ಲಿ ಕಾರು ಸರಿಯಾಗಿ ಸ್ಟಾರ್ಟ್ ಆದರೆ ದೋಷ ಮೊದಲ ಕೀಯದು. ಎರಡರಲ್ಲೂ ಒಂದೇ ಲಕ್ಷಣ ಕಂಡರೆ ಕೀಗಳನ್ನು ಬಿಟ್ಟು ಕಾರಿನ ಕಡೆ ತಿರುಗಿ. ಎರಡೂ ಕೀಗಳ ಸೆಲ್ ಒಂದೇ ದಿನ ಸಾಯುವುದು ಅಸಾಧ್ಯವಲ್ಲ, ಆದರೆ ಅದನ್ನು ನಂಬುವ ಮೊದಲು ಅಳೆದು ನೋಡಬೇಕು.

ಹೆಚ್ಚಿನ ಕೀಗಳಲ್ಲಿ ಸಿಆರ್ 2032 ಎಂಬ 3 ವೋಲ್ಟಿನ ಬಟನ್ ಸೆಲ್ ಇರುತ್ತದೆ. ಹೊಸದು 3 ವೋಲ್ಟಿಗಿಂತ ತುಸು ಮೇಲೆ ತೋರಿಸಬೇಕು; 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಹಳೆಯ ಸೆಲ್ ಸುಮ್ಮನಿದ್ದಾಗ ಮೀಟರಿಗೆ 3 ತೋರಿಸಿ, ಕೀ ಉತ್ತರ ಕಳುಹಿಸುವ ಕ್ಷಣದ ಹೊರೆಗೆ ಕುಸಿಯುವುದುಂಟು, ಆದ್ದರಿಂದ ಎರಡು ವರ್ಷ ದಾಟಿದ ಸೆಲ್ಲಿನ ವಿಷಯದಲ್ಲಿ ಮೀಟರನ್ನು ಪೂರ್ತಿ ನಂಬಬೇಡಿ. 2032ರ ಜಾಗಕ್ಕೆ 2025 ಹಾಕಿದರೆ ಅಗಲ ಒಂದೇ ಆದರೂ ದಪ್ಪದಲ್ಲಿ 0.7 ಮಿಲಿಮೀಟರ್ ಕಡಿಮೆಯಾಗಿ, ಕೀ ಅಲುಗಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಮಕ್ಕಳು ನುಂಗದಿರಲೆಂದು ಕಹಿ ಲೇಪನ ಹಚ್ಚಿದ ಸೆಲ್‌ಗಳೂ ಈಗ ಬರುತ್ತಿದ್ದು, ಕೆಲವು ಕೀಗಳಲ್ಲಿ ಆ ಲೇಪನವೇ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ. ತೆಗೆದ ಹಳೆಯ ಸೆಲ್ಲನ್ನು ಮಾತ್ರ ಮಕ್ಕಳ ಕೈಗೆ ಎಟುಕುವಲ್ಲಿ ಬಿಡಲೇಬಾರದು. ನುಂಗಿದರೆ ಅದು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಸೆಲ್ ಪದೇ ಪದೇ ಖಾಲಿಯಾಗುತ್ತಿದ್ದರೆ ಕೀ ತೂಗುಹಾಕುವ ಮೊಳೆ ಎಲ್ಲಿದೆ ನೋಡಿ. ಕಾರು ಜಗಲಿಗೆ ಒತ್ತಿಕೊಂಡು ನಿಲ್ಲುವ ಮನೆಗಳಲ್ಲಿ ಗೋಡೆಯ ಆಚೆಯ ಕೀಗೆ ಕಾರಿನ ಅಲೆ ಪದೇ ಪದೇ ತಾಗುತ್ತ, ಕೀಗೂ ನಿದ್ರೆಯಿಲ್ಲ, ಕಾರಿನ ಬ್ಯಾಟರಿಗೂ ವಿಶ್ರಾಂತಿಯಿಲ್ಲ.

ಇನ್ನು ಕೀಯನ್ನು ಬಟನ್ನಿಗೆ, ಅಥವಾ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ, ತಾಗಿಸಿ ಹಿಡಿದು ಸ್ಟಾರ್ಟ್ ಮಾಡಿ. ಎಂಜಿನ್ ಹಿಡಿದು ಓಡುತ್ತಿದ್ದರೆ ಇಮೊಬಿಲೈಸರ್, ಇಸಿಯು, ಇಂಧನ ಎಲ್ಲವೂ ಸರಿಯಿವೆ ಎಂದು ಒಂದೇ ಏಟಿಗೆ ಗೊತ್ತಾಯಿತು. ಉಳಿದದ್ದು ಕೀಯ ಸೆಲ್, ಕಾರಿನ ಆಂಟೆನಾ, ರೇಡಿಯೊ ರಿಸೀವರ್ ಅಥವಾ ಹೊರಗಿನ ಅಡಚಣೆ. ಅಡಚಣೆಯನ್ನು ಪರೀಕ್ಷಿಸುವುದು ಸುಲಭ. ಸಿಗರೇಟ್ ಸಾಕೆಟ್ಟಿನಲ್ಲಿರುವ ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್, ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಎಲ್ಲವನ್ನೂ ಕಿತ್ತು, ಕೀಯನ್ನು ಮೊಬೈಲ್ ಇರುವ ಜೇಬಿನಿಂದ ಬೇರೆ ಜೇಬಿಗೆ ಹಾಕಿ ಮತ್ತೆ ನೋಡಿ. ಬಾಗಿಲು ಹಿಡಿಯಿಂದ ತೆರೆಯುವುದಿಲ್ಲ ಆದರೆ ಕಾರು ಸ್ಟಾರ್ಟ್ ಆಗುತ್ತದೆ ಎಂದಾದರೆ ದೋಷ ಆ ಬಾಗಿಲಿನ ಹಿಡಿಯ ಸ್ವಿಚ್ ಅಥವಾ ಆಂಟೆನಾದ್ದು. ಈ ಆಂಟೆನಾ ಎಂದರೆ ಫೆರೈಟ್ ಕಡ್ಡಿಗೆ ಸುತ್ತಿದ ತಾಮ್ರದ ತಂತಿ. ಕಪ್ಲರ್ (ತಂತಿ ಜೋಡಿಸುವ ಪ್ಲಗ್) ಬಿಡಿಸಿ ರೆಸಿಸ್ಟೆನ್ಸ್ ಅಳೆದು, ಆಚೆ ಬಾಗಿಲಿನ ಆಂಟೆನಾದ ಅಳತೆಯೊಂದಿಗೆ ಹೋಲಿಸಿದರೆ ತಂತಿ ತುಂಡಾಗಿದೆಯೇ ಎಂಬುದು ತಿಳಿಯುತ್ತದೆ.

ಬ್ಯಾಟರಿ ಮತ್ತು ಅರ್ಥ್

ಇಲ್ಲಿ ಅವಸರ ಪಡಬೇಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ತುಂಬಿದೆ ಎಂದರ್ಥ; 12.2 ಇದ್ದರೆ ಅರ್ಧ ಖಾಲಿ. 12ಕ್ಕೆ ಇಳಿದಿದ್ದರೆ ಬಹುತೇಕ ಮುಗಿದಿದೆ. ಆದರೆ ಮುಖ್ಯವಾದ ಅಳತೆ ಇದಲ್ಲ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ಆ ಕ್ಷಣದಲ್ಲಿ ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆ ನೋಡಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಜೀವವಿಲ್ಲ. ಹೀಗೆ ಕುಸಿದಾಗ ಮಾಡ್ಯೂಲ್‌ಗಳು ಅರೆಕ್ಷಣ ಆರಿ ಮತ್ತೆ ಏಳುತ್ತವೆ, ಇಸಿಯು ಕೇಳಿದ ಗುಪ್ತಸಂಕೇತಕ್ಕೆ ಉತ್ತರ ಸಿಗುವುದಿಲ್ಲ, ಮೀಟರ್ ಫಲಕದಲ್ಲಿ ಇಮೊಬಿಲೈಸರ್ ದೀಪ ಹೊತ್ತುತ್ತದೆ. ನೋಡಿದವರು ಬ್ಯಾಟರಿಯನ್ನು ಬಿಟ್ಟು ಇಮೊಬಿಲೈಸರನ್ನು ದೂರುತ್ತಾರೆ. ಎಂಜಿನ್ ಓಡುವಾಗ ಅದೇ ಕಂಬಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.7ರವರೆಗೆ ಬರಬೇಕು.

ಹೆದ್ದಾರಿಯಲ್ಲಿ ಬ್ಯಾಟರಿ ಕೈಕೊಟ್ಟಾಗ ಲಾರಿ ನಿಲ್ಲಿಸಿ ಜಂಪರ್ ಕೇಬಲ್ ಹಾಕಿಸಿಕೊಳ್ಳುವ ಅಭ್ಯಾಸವಿದೆ. ಲಾರಿಗಳ ವಿದ್ಯುತ್ ವ್ಯವಸ್ಥೆ ಬಹುತೇಕ 24 ವೋಲ್ಟಿನದು. ಕಾರಿನ ಮಾಡ್ಯೂಲ್‌ಗಳು ಆಗಲೇ ಸುಟ್ಟುಹೋಗಬಹುದು, ಆದ್ದರಿಂದ ಇನ್ನೊಂದು ಕಾರು ಸಿಗುವವರೆಗೆ ಕಾಯಿರಿ.

ಈಗ ಅರ್ಥ್. ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ) ಇಟ್ಟುಕೊಂಡು, ಕೆಂಪು ಕಡ್ಡಿಯನ್ನು ಮೊದಲು ಕ್ಲಾಂಪಿಗೆ, ಆಮೇಲೆ ಬಾಡಿಯ ಬರಿ ಲೋಹಕ್ಕೆ, ಆಮೇಲೆ ಎಂಜಿನ್ ಬ್ಲಾಕಿಗೆ, ಕೊನೆಗೆ ಡ್ಯಾಶ್‌ಬೋರ್ಡಿನ ಕೆಳಗೆ ಕಂಟ್ರೋಲ್ ಮಾಡ್ಯೂಲಿನ ಅರ್ಥ್ ತಂತಿ ಬೋಲ್ಟಾಗುವ ಜಾಗಕ್ಕೆ ತಾಗಿಸುತ್ತ ಹೋಗಿ. ಎಲ್ಲ ಕಡೆಯೂ 0.1 ವೋಲ್ಟಿನ ಒಳಗಿರಬೇಕು. ಯಾವ ಹೆಜ್ಜೆಯಲ್ಲಿ ಅಂಕಿ ಹಠಾತ್ತನೆ ಏರುತ್ತದೋ ದೋಷ ಅದರ ಹಿಂದಿನ ಜಾಗಕ್ಕೂ ಅದಕ್ಕೂ ನಡುವೆ ಇದೆ.

ಒಂದು ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಬಂದ ಕಾರೊಂದು ಬೆಳಗಿನ ಹೊತ್ತು ಕೀಯನ್ನು ಗುರುತಿಸುತ್ತಿರಲಿಲ್ಲ, ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಬೇರೆ ಕಡೆ ತೋರಿಸಿದಾಗ ಮಾಡ್ಯೂಲ್ ಬದಲಿಸಬೇಕೆಂದು ಹೇಳಿದ್ದರಂತೆ. ಬ್ಯಾಟರಿ ಹೊಸದು, ಎರಡೂ ಕೀಗಳಲ್ಲಿ ಹೊಸ ಸೆಲ್. ಮೇಲೆ ಹೇಳಿದ ಪರೀಕ್ಷೆಯಲ್ಲಿ ಕೊನೆಯ ಹೆಜ್ಜೆಯವರೆಗೆ ಅಂಕಿ ಅಲುಗಲಿಲ್ಲ. ಎಡಬದಿಯ ಕಾಲಿನ ಹತ್ತಿರದ ಅರ್ಥ್ ಬೋಲ್ಟಿಗೆ ಬಂದಾಗ 1.8 ವೋಲ್ಟ್ ತೋರಿಸಿತು. ಮ್ಯಾಟ್ ಎತ್ತಿದರೆ ಕೆಳಗಿನ ಸ್ಪಂಜು ಹಿಂಡಿದರೆ ನೀರು ಬರುವಷ್ಟು ಒದ್ದೆ. ವೈಪರ್ ಕೆಳಗಿನ ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡು, ತುಂಬಿದ ನೀರು ಒಳಕ್ಕೆ ಜಿನುಗಿತ್ತು. ನಾಲ್ಕು ತಂತಿಗಳು ಒಟ್ಟಿಗೆ ಸೇರುವ ಬೋಲ್ಟಿನ ಮೇಲೆ ಹಸಿರು ಕಿಲುಬು ಪುಡಿಪುಡಿಯಾಗಿ ಹಿಡಿದಿತ್ತು. ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಬಾಡಿಯ ಲೋಹ ಹೊಳೆಯುವವರೆಗೆ ಉಜ್ಜಿ, ತಂತಿಯ ತುದಿಯ ರಿಂಗ್‌ಗಳನ್ನು ಹೊಸದಾಗಿ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ್ದಾಯಿತು, ಎಲೆಯನ್ನೂ ತೆಗೆದದ್ದಾಯಿತು. ಬಿಸಿಲು ಬಂದಾಗ ಸರಿಯಾಗುತ್ತಿದ್ದದ್ದು ಏಕೆಂದು ಆಮೇಲೆ ಹೇಳಬೇಕಾಗಿರಲಿಲ್ಲ. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಎರಡೂ ಈ ಬೋಲ್ಟುಗಳ ಶತ್ರುಗಳು.

ಫ್ಯೂಸ್, ಸ್ವಿಚ್, ಸ್ಟೀರಿಂಗ್ ಲಾಕ್

ಫ್ಯೂಸ್ ಬಾಕ್ಸ್ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೊಂದು, ಬಾನೆಟ್ಟಿನಲ್ಲೊಂದು ಇರುತ್ತದೆ. ಫ್ಯೂಸನ್ನು ಕಿತ್ತು ಕಣ್ಣಿನಿಂದ ನೋಡುವುದಕ್ಕಿಂತ, ಅದು ಇದ್ದಲ್ಲೇ ಅದರ ತಲೆಯ ಮೇಲಿನ ಎರಡು ಸಣ್ಣ ಲೋಹದ ಬಿಂದುಗಳನ್ನು ಒಂದೊಂದಾಗಿ ಟೆಸ್ಟರಿನಿಂದ ಮುಟ್ಟುವುದು ವಾಸಿ. ಒಂದು ಕಡೆ ಕರೆಂಟ್ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಫ್ಯೂಸ್ ಹೋಗಿದೆ. ಎರಡೂ ಕಡೆ ಇಲ್ಲದಿದ್ದರೆ ಅದಕ್ಕೆ ಬರುವ ದಾರಿಯೇ ಕಡಿದಿದೆ, ಅಥವಾ ಆ ಫ್ಯೂಸಿಗೆ ಇಗ್ನಿಷನ್ ಹಾಕಿದ ಮೇಲಷ್ಟೇ ಕರೆಂಟ್ ಬರುತ್ತದೆ. ಹೋದ ಫ್ಯೂಸಿನ ಜಾಗದಲ್ಲಿ ಅದೇ ಆಂಪಿಯರಿನದನ್ನೇ ಹಾಕಿ. ಅದೂ ಹೋದರೆ ಶಾರ್ಟ್ ಹುಡುಕಬೇಕೇ ಹೊರತು ದಪ್ಪ ಫ್ಯೂಸ್ ಹಾಕಬಾರದು.

ಸೆಲ್ಫ್ ತಿರುಗದ ಕಾರಿನಲ್ಲಿ ಬ್ರೇಕ್ ತುಳಿದು ಹಿಂದಿನ ಬ್ರೇಕ್ ಲೈಟ್ ಹೊತ್ತುತ್ತದೆಯೇ ಎಂದು ಗೋಡೆಯ ಮೇಲೆ ಬೀಳುವ ಕೆಂಪು ಬೆಳಕಿನಿಂದ ಒಬ್ಬರೇ ನೋಡಿಕೊಳ್ಳಬಹುದು. ಹೊತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಅದರ ಫ್ಯೂಸ್ ಹೋಗಿದೆ, ಮತ್ತು ನೀವು ಬ್ರೇಕ್ ತುಳಿದಿದ್ದೀರೆಂಬುದು ಕಾರಿಗೆ ತಿಳಿಯುತ್ತಿಲ್ಲ. ಬ್ರೇಕ್ ಲೈಟ್ ಹೋದಾಗಲೂ, ಅಕ್ಸೆಸರಿ ಸ್ಥಾನದಲ್ಲಿ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಸ್ಟಾರ್ಟ್ ಆಗುವ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. ಹಿಂದಿನವರಿಗೆ ನೀವು ಬ್ರೇಕ್ ಹಾಕಿದ್ದು ಕಾಣುವುದಿಲ್ಲವಾದ್ದರಿಂದ ಹತ್ತಿರದ ವರ್ಕ್‌ಶಾಪಿನವರೆಗೆ ಹೋಗಲು ಮಾತ್ರ ಇದನ್ನು ಬಳಸಿ. ಗೇರ್ ಬದಲಿಸುವ ಕಾರುಗಳಲ್ಲಿ ಕ್ಲಚ್ ಪೆಡಲಿನ ಸ್ವಿಚ್ಚಿನ ಕಥೆಯೂ ಇದೇ. ಕ್ಲಚ್ಚನ್ನು ತಳ ಮುಟ್ಟುವಂತೆ ತುಳಿಯಬೇಕು, ಕೆಳಗೆ ಮಡಿಚಿಕೊಂಡ ಮ್ಯಾಟ್ ಕೂಡ ಅದನ್ನು ತಡೆಯುತ್ತದೆ. ಆಟೊಮ್ಯಾಟಿಕ್ ಆದರೆ ಪಾರ್ಕಿನಲ್ಲಿ ಆಗದ್ದು ನ್ಯೂಟ್ರಲಿನಲ್ಲಿ ಆಗುತ್ತದೆಯೇ ನೋಡಿ. ಚಕ್ರ ಕಲ್ಲಿಗೋ ಕಟ್ಟೆಗೋ ಒತ್ತಿ ನಿಂತಿದ್ದರೆ ಸ್ಟೀರಿಂಗ್ ಲಾಕಿನ ಸರಳು ಬಿಗಿದುಕೊಂಡಿರುತ್ತದೆ. ಬಟನ್ ಒತ್ತುತ್ತಲೇ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಹೊರಗಿನಿಂದ ಸೇರಿದ ತಂತಿಗಳು, ಇಲಿ ಕಡಿದ ತಂತಿಗಳು

ಕಾರಿಗೆ ಏನೇನು ಹಾಕಿಸಿದ್ದೀರಿ ಎಂದು ಕೇಳಿದರೆ ಮ್ಯೂಸಿಕ್ ಸಿಸ್ಟಂ ಎನ್ನುತ್ತಾರೆ. ಹಿಂದಿನ ಮಾಲೀಕರು ಅಥವಾ ಸಾಲ ಕೊಟ್ಟವರು ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಇದೆಯೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಎಂಜಿನ್ ನಿಲ್ಲಿಸುವ ಸೌಲಭ್ಯವಿರುವ ಟ್ರ್ಯಾಕರಿನ ರಿಲೇಯನ್ನು ಇಂಧನ ಪಂಪಿನ ಅಥವಾ ಸೆಲ್ಫಿನ ತಂತಿಯನ್ನು ಕತ್ತರಿಸಿ ನಡುವೆ ಸೇರಿಸಿರುತ್ತಾರೆ. ಆ ರಿಲೇ ಕೆಟ್ಟರೆ ಲಕ್ಷಣವೆಲ್ಲ ಇಮೊಬಿಲೈಸರ್ ದೋಷದಂತೆಯೇ ಇರುತ್ತದೆ, ಸ್ಕ್ಯಾನರಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಸ್ಟೀರಿಂಗ್ ಕೆಳಗಿನ ಕವಚ ಬಿಚ್ಚಿ, ಕಂಪನಿಯ ವೈರಿಂಗಿಗೆ ಹೊಂದದ ಟೇಪು, ಬಿಡಿ ರಿಲೇ, ತಿರುಚಿ ಸೇರಿಸಿದ ತಂತಿ ಇವೆಯೇ ಹುಡುಕಿ.

ಇಲಿಯ ಕೆಲಸವನ್ನು ಗುರುತಿಸಲು ಬಾನೆಟ್ ತೆರೆದು ಟಾರ್ಚ್ ಹಿಡಿದರೆ ಸಾಕು: ಹಿಕ್ಕೆ, ಹುಲ್ಲು, ತಂತಿಯ ಬಣ್ಣದ ಚೂರು. ತುಂಡಾದ ತಂತಿಗಳಲ್ಲಿ ಎರಡು ಒಂದರ ಸುತ್ತ ಒಂದು ಹೆಣೆದುಕೊಂಡಿದ್ದರೆ ಅವು ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ಕ್ಯಾನ್ ತಂತಿಗಳಾಗಿರುವ ಸಂಭವ ಹೆಚ್ಚು. ಸೇರಿಸಿದ ಮೇಲೆ ಆ ಹೆಣೆತವನ್ನು ಹಾಗೆಯೇ ಉಳಿಸಿ.

ಸ್ಕ್ಯಾನರ್ ಮತ್ತು ಕ್ಯಾನ್ ತಂತಿ

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಹಾಕುವ ಅಗ್ಗದ ಬ್ಲೂಟೂತ್ ಸಾಧನ ಸಾಮಾನ್ಯವಾಗಿ ಎಂಜಿನ್ನಿನ ಕೋಡ್‌ಗಳನ್ನಷ್ಟೇ ಓದುತ್ತದೆ. ಬಾಡಿ ಮಾಡ್ಯೂಲ್ (ಬಾಗಿಲು, ದೀಪಗಳನ್ನು ನೋಡಿಕೊಳ್ಳುವ ಪೆಟ್ಟಿಗೆ) ಮತ್ತು ಇಮೊಬಿಲೈಸರ್ ಓದಬಲ್ಲ ಸ್ಕ್ಯಾನರ್ ಬೇಕು. ಪಿ0513 ಎಂದರೆ ತಪ್ಪು ಕೀ, ಪಿ0633 ಎಂದರೆ ಇಸಿಯುಗೆ ಕೀ ಪ್ರೋಗ್ರಾಂ ಆಗಿಲ್ಲ, ಯು0100 ಎಂದರೆ ಇಸಿಯು ಜೊತೆ ಸಂಪರ್ಕ ತಪ್ಪಿದೆ, ಯು0167 ಎಂದರೆ ಇಮೊಬಿಲೈಸರ್ ಜೊತೆ ಸಂಪರ್ಕ ತಪ್ಪಿದೆ. ‘ಯು’ ಕೋಡ್‌ಗಳು ಕಂಡಾಗ ಆ ಮಾಡ್ಯೂಲ್ ಕೆಟ್ಟಿದೆ ಎಂದು ತಿಳಿಯಬಾರದು. ಅದು ಮಾತಾಡುತ್ತಿಲ್ಲ, ಅಷ್ಟೇ. ಅದರ ಫ್ಯೂಸ್, ಅರ್ಥ್ ಮತ್ತು ಕ್ಯಾನ್ ತಂತಿಯನ್ನು ನೋಡಬೇಕು. ಬ್ಯಾಟರಿ ಕುಸಿದಾಗ ಬಿದ್ದ ಹಳೆಯ ಕೋಡ್‌ಗಳೂ ಉಳಿದಿರುವುದರಿಂದ, ಎಲ್ಲವನ್ನೂ ಬರೆದುಕೊಂಡು ಅಳಿಸಿ, ದೋಷ ಮತ್ತೆ ಬಂದಾಗ ಯಾವುದು ಮರಳಿತು ನೋಡಿ.

ಕ್ಯಾನ್ ತಂತಿಯ ಪರೀಕ್ಷೆಗೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅದೇ ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ; ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಎಲ್ಲೋ ಕೂಡಿಕೊಂಡಿವೆ. ನಡುವೆ ಗೇಟ್‌ವೇ ಮಾಡ್ಯೂಲ್ (ಈ ಸಾಕೆಟ್ಟಿಗೂ ಒಳಗಿನ ಕ್ಯಾನ್ ತಂತಿಗಳಿಗೂ ನಡುವಿನ ಪೆಟ್ಟಿಗೆ) ಇರುವ ಕಾರುಗಳಲ್ಲಿ ಈ ಅಳತೆ ಗೇಟ್‌ವೇವರೆಗಿನ ತಂತಿಯದ್ದಷ್ಟೇ ಆಗಿರುತ್ತದೆ.

ಒಂದು ವಾರ ನಿಂತರೆ ಬ್ಯಾಟರಿ ಖಾಲಿ

ಇದಕ್ಕೆ ಆಂಪಿಯರ್ ಅಳೆಯಬೇಕು. ನೆಗೆಟಿವ್ ಬಿಚ್ಚುವ ಮೊದಲು ಬಾನೆಟ್ಟಿನ ಮತ್ತು ಚಾಲಕನ ಬಾಗಿಲಿನ ಬೀಗದ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ‘ಮುಚ್ಚಿದೆ’ ಎಂದು ಕಾರಿಗೆ ನಂಬಿಸಿ. ಮೀಟರನ್ನು ಹತ್ತು ಆಂಪಿಯರಿನ ತೂತಿಗೆ ಹಾಕಿ ನೆಗೆಟಿವ್ ಕಂಬಕ್ಕೂ ಬಿಚ್ಚಿದ ಕೇಬಲಿಗೂ ನಡುವೆ ಸೇರಿಸಿ, ಸೆಲ್ಫ್ ಮಾತ್ರ ಹೊಡೆಯಬೇಡಿ. ಅರ್ಧ ಗಂಟೆಯಾದರೂ ಕಾದ ಮೇಲೆ, ಮಾಡ್ಯೂಲ್‌ಗಳೆಲ್ಲ ಮಲಗಿ, 50 ಮಿಲಿ ಆಂಪಿಯರಿಗಿಂತ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ಅಂಕಿ ಯಾವಾಗ ಬೀಳುತ್ತದೆ ನೋಡಿ. ಒಮ್ಮೆ ಮುಕ್ಕಾಲು ಗಂಟೆ ಕಾದರೂ ಅಂಕಿ ಇಳಿಯದೆ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ನೋಡಿದರೆ ಕೀ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಇಷ್ಟೆಲ್ಲ ಸರಿಯಿದ್ದೂ ಕಾರು ಕೀಯನ್ನು ಒಪ್ಪದಿದ್ದರೆ

ಮಾಡ್ಯೂಲಿನ ಕಪ್ಲರಿನಲ್ಲೇ ಹೊರೆಯೊಂದಿಗೆ ಅಳೆದ ವೋಲ್ಟೇಜ್ ಸರಿ, ಅರ್ಥ್ ಸರಿ, ಕ್ಯಾನ್ ಸರಿ, ಎರಡೂ ಕೀ ಬಟನ್ನಿಗೆ ತಾಗಿಸಿದರೂ ಆಗುತ್ತಿಲ್ಲ ಎಂದಾಗ ಮಾತ್ರ ಕಾಯಿಲ್, ಮಾಡ್ಯೂಲ್ ಅಥವಾ ಇಸಿಯು ಬದಲಿಸುವ ಮಾತು ಬರಬೇಕು. ಗುಜರಿಯಿಂದ ತಂದ ಮಾಡ್ಯೂಲನ್ನು ಹಾಗೇ ಸಿಕ್ಕಿಸಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಏಕೆಂದರೆ ಅದರ ಸಂಕೇತ ಇನ್ನೊಂದು ಕಾರಿನ ಇಸಿಯು ಜೊತೆ ಜೋಡಿಯಾಗಿರುತ್ತದೆ. ಪ್ರೋಗ್ರಾಂ ಮಾಡುವಾಗ ತಪ್ಪು ಪಿನ್ ಸಂಖ್ಯೆ ಹಾಕಿ ಪದೇ ಪದೇ ಪ್ರಯತ್ನಿಸಿದರೆ ಕೆಲವು ವ್ಯವಸ್ಥೆಗಳು ತಾವೇ ಬೀಗ ಹಾಕಿಕೊಳ್ಳುತ್ತವೆ. ಇಮೊಬಿಲೈಸರನ್ನು ‘ಬೈಪಾಸ್’ ಮಾಡಿಕೊಡುವವರೂ ಸಿಗುತ್ತಾರೆ; ಒಪ್ಪಬೇಡಿ, ಆಮೇಲೆ ಯಾವ ಕೀಯಿಲ್ಲದೆಯೂ ಓಡುವ ಕಾರು ನಿಮ್ಮದಾಗಿರುತ್ತದೆ. ಪ್ರೋಗ್ರಾಂ ಮಾಡಿಸಲು ಹೋಗುವಾಗ ಆರ್‌ಸಿ, ಗುರುತಿನ ಚೀಟಿ ಮತ್ತು ಇರುವ ಎಲ್ಲ ಕೀಗಳನ್ನೂ ಒಯ್ಯಿರಿ, ಏಕೆಂದರೆ ಹಲವು ಕಾರುಗಳಲ್ಲಿ ಹೊಸ ಕೀ ಸೇರಿಸುವಾಗ ಎದುರಿಗಿಲ್ಲದ ಹಳೆಯ ಕೀ ಅಳಿಸಿಹೋಗುತ್ತದೆ. ಕಾರು ಕಳುವಾದಾಗ ವಿಮೆಯವರು ಕೇಳುವುದೂ ಎರಡೂ ಕೀಗಳನ್ನೇ. ಕೆಲಸ ಮುಗಿದ ಮೇಲೆ ಎರಡೂ ಕೀಗಳಲ್ಲಿ, ಎಂಜಿನ್ ತಣ್ಣಗಿರುವಾಗ ಒಮ್ಮೆ, ಬಿಸಿಯಿರುವಾಗ ಒಮ್ಮೆ ಸ್ಟಾರ್ಟ್ ಮಾಡಿಸಿ ನೋಡಿ, ಎಷ್ಟು ಕೀ ನೋಂದಾಯಿತವಾಗಿವೆ ಎಂಬುದನ್ನು ಸ್ಕ್ಯಾನರಿನ ಪರದೆಯಲ್ಲೇ ತೋರಿಸಿಕೊಂಡು ಕಾರು ತೆಗೆದುಕೊಳ್ಳಿ.